ಹದಿನೆಂಟಕ್ಕೇ ನಿಂತ ಅಜ್ಜಿಯ ಕಣ್ಣು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಮ್ಮ ಪ್ರಯೋಗಾಲಯದಲ್ಲಿ ಆ ಗಾದೆಯನ್ನು ಕೊಂಚ ರಿಪೇರಿ ಮಾಡಿಕೊಂಡಿದ್ದೇವೆ: ಪ್ರತ್ಯಕ್ಷವಾಗಿ ಕಂಡರೂ ಕಣ್ಣು ಕಟ್ಟಿಕೊಂಡು ನೋಡು. ಗಾದೆ ಕೆಡಿಸಿದ ಪಾಪ ನನಗಿರಲಿ, ಕಥೆ ಮಾತ್ರ ಅಪ್ಪಟ ನಿಜ. ಸುಳ್ಳು ಹೇಳುವ ಉದ್ದೇಶವಿದ್ದಿದ್ದರೆ ಇದರಲ್ಲಿ ನನ್ನನ್ನು ನಾನು ಇನ್ನೊಂದಿಷ್ಟು ಜಾಣನನ್ನಾಗಿ ಮಾಡಿಕೊಳ್ಳುತ್ತಿದ್ದೆ.

ನನ್ನ ಕೆಲಸ ಮಂಗಗಳ ಕಣ್ಣಿನ ಒತ್ತಡ ಅಳೆಯುವುದು. ಹೀಗೆಂದ ಕೂಡಲೇ ಕೇಳಿದವರೆಲ್ಲ ಒಂದೇ ಜೋಕು ಹೊಡೆಯುತ್ತಾರೆ. "ಮಂಗಕ್ಕೆಂಥ ಒತ್ತಡ ರೀ, ಅದಕ್ಕೇನು ಮೀಟಿಂಗಾ, ಮೇಲಧಿಕಾರೀನಾ?" ನಾನೂ ಮೊದಲ ಸಲ ಕೇಳಿದವನಂತೆ ನಗುತ್ತೇನೆ. ಆಮೇಲೆ ವಿವರಿಸುತ್ತೇನೆ. ಕಣ್ಣುಗುಡ್ಡೆಯೊಳಗೆ ನೀರಿನಂಥ ದ್ರವವಿದೆ. ಚೆಂಡಿಗೆ ಗಾಳಿ ಹೇಗೋ ಕಣ್ಣಿಗೆ ಅದು ಹಾಗೆ. ಒತ್ತಡ ಮಿತಿ ಮೀರಿದರೆ ಹಿಂದಿನ ನರ ಸದ್ದಿಲ್ಲದೆ ಸಾಯುತ್ತದೆ, ದೃಷ್ಟಿ ಹೋಗುತ್ತದೆ. ದೊಡ್ಡವರಾದರೆ ಕುಳಿತು ಅಳೆಸಿಕೊಳ್ಳುತ್ತಾರೆ. ಎರಡು ವರ್ಷದ ಮಗು ಕೂರುತ್ತದೆಯೇ? ಅದಕ್ಕೆ ಅರಿವಳಿಕೆ ಕೊಟ್ಟು ಮಲಗಿಸಿ ಅಳೆಯಬೇಕು. ತಮಾಷೆ ಏನೆಂದರೆ ಆ ಅರಿವಳಿಕೆಯೇ ಕಣ್ಣಿನ ಒತ್ತಡವನ್ನು ಏರಿಸಬಹುದು, ಇಳಿಸಬಹುದು. ಮಗು ಎಚ್ಚರವಿದ್ದಾಗ ಇಪ್ಪತ್ತೈದು ಇರುವುದು ನಿದ್ದೆಯಲ್ಲಿ ಹದಿನೈದು ತೋರಿಸಿದರೆ ಡಾಕ್ಟರು "ಎಲ್ಲ ಸರಿಯಾಗಿದೆ" ಎಂದು ಮನೆಗೆ ಕಳಿಸಿಬಿಡುತ್ತಾರೆ. ಆದ್ದರಿಂದ ಯಾವ ಮದ್ದು ಎಷ್ಟು ಸುಳ್ಳು ಹೇಳುತ್ತದೆ ಎಂದು ಮೊದಲೇ ಗೊತ್ತಿರಬೇಕು. ಅದನ್ನು ಪತ್ತೆಹಚ್ಚುವುದೇ ನಮ್ಮ ಕೆಲಸ.

ನಮ್ಮಲ್ಲಿ ಆರು ಮಂಗಗಳು, ಎರಡು ಬಗೆಯ ಚುಚ್ಚುಮದ್ದು. ಒಂದು, ಬರೀ ಕೆಟಮಿನ್ ಎಂಬ ಅರಿವಳಿಕೆ. ಇನ್ನೊಂದು, ಅದೇ ಕೆಟಮಿನ್ ಜೊತೆಗೆ ಮತ್ತೊಂದು ಮಂಪರಿನ ಮದ್ದು ಬೆರೆಸಿದ್ದು. ನಾವು ಇಟ್ಟ ಅಡ್ಡಹೆಸರು ಒಂಟಿ ಮತ್ತು ಜೋಡಿ. ಒಂಟಿಗೆ ಒತ್ತಡ ಹೆಚ್ಚು ಕದಲುವುದಿಲ್ಲ, ಜೋಡಿಗೆ ಚೆನ್ನಾಗಿ ಇಳಿಯುತ್ತದೆ ಎಂದು ಹಳೆಯ ವರದಿಗಳು ಹೇಳುತ್ತಿದ್ದವು. ನಿಜವೇ, ನಿಜವಾದರೆ ಎಷ್ಟು, ಎಷ್ಟು ಹೊತ್ತು ಎನ್ನುವುದು ನಮ್ಮ ಪ್ರಶ್ನೆ. ಪ್ರತಿ ಮಂಗಕ್ಕೂ ಎರಡನ್ನೂ ಹಲವು ಸಲ ಕೊಡಬೇಕು, ನಡುವೆ ಎರಡು ವಾರ ಬಿಡಬೇಕು. ಯಾವ ದಿನ ಯಾವುದು ಎಂದು ಮೊದಲೇ ಚೀಟಿ ಎತ್ತಿ ಲಕೋಟೆಯಲ್ಲಿ ಹಾಕಿ ಮುಚ್ಚಿದ್ದರು.

ಆ ಲಕೋಟೆ ಒಡೆಯುವ ಅಧಿಕಾರ ಒಬ್ಬಳಿಗೇ. ಪ್ರಾಣಿವೈದ್ಯೆ, ಅರಿವಳಿಕೆಯ ಉಸ್ತುವಾರಿ, ಮತ್ತು ನನ್ನ ದುರದೃಷ್ಟಕ್ಕೆ, ನನ್ನ ಒಡಹುಟ್ಟಿದ ಅಕ್ಕ. ಅವಳು ತನ್ನ ಕೋಣೆಯಲ್ಲಿ ಮದ್ದನ್ನು ಸಿರಿಂಜಿಗೆ ಎಳೆದು, ಅಳತೆಯ ಕೋಣೆಗೆ ತಂದು, ಪರದೆಯ ಹಿಂದೆ ನಿಂತು ಚುಚ್ಚುತ್ತಾಳೆ. ಪರದೆಯಲ್ಲೊಂದು ಕಿಂಡಿ. ಅದರೊಳಗಿಂದ ನನಗೆ ಕಾಣುವುದು ಮಂಗದ ಮುಖವೊಂದೇ. ಮದ್ದು ಯಾವುದೆಂದು ನಾನು ಕೇಳುವಂತಿಲ್ಲ, ಅವಳು ಹೇಳುವಂತಿಲ್ಲ, ಊಹೆಯನ್ನು ಬಾಯಿಬಿಡುವಂತೆಯೂ ಇಲ್ಲ. ನಾನು ಇರುವುದು ಅವಳ ಮನೆಯ ಮಹಡಿ ಕೋಣೆಯಲ್ಲೇ. ಮೂರು ತಿಂಗಳಿಂದ ನಾವಿಬ್ಬರೂ ಊಟಕ್ಕೆ ಕೂತರೆ ಹವಾಮಾನ ಬಿಟ್ಟು ಬೇರೆ ಮಾತಿಲ್ಲ. ಲಿಫ್ಟ್ ರಿಪೇರಿ ಮಾಡುವ ಭಾವ ನೋಡಿ ನೋಡಿ ಬೇಸತ್ತು, "ಇಲ್ಲೂ ಒಂದು ಪರದೆ ಕಟ್ಟಿಸಿಬಿಡ್ಲಾ? ತಟ್ಟೆಗೊಂದು ಕಿಂಡಿ ಇಡಿಸ್ತೀನಿ" ಎಂದಿದ್ದ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದರೆ ಅಳೆಯುವ ಉಪಕರಣ ಅಂಥದ್ದು. ಟಾರ್ಚಿನಂತೆ ಕೈಯಲ್ಲಿ ಹಿಡಿಯುವ ಸಾಧನ, ಅದರ ಮೂತಿಗೆ ಬೆರಳುಗುರಿನಷ್ಟು ಗಾಜಿನ ತುದಿ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಹಳದಿ ಬಣ್ಣ ಸವರಿ, ತುದಿಯನ್ನು ಮೆಲ್ಲಗೆ ತಾಕಿಸಿದರೆ ನೀಲಿ ಬೆಳಕಿನಲ್ಲಿ ಎರಡು ಹಸಿರು ಅರೆಬಳೆಗಳು ಕಾಣುತ್ತವೆ. ಹೆಬ್ಬೆರಳಿನಿಂದ ಗಾಲಿ ತಿರುಗಿಸುತ್ತ ಹೋದರೆ ಅವು ಹತ್ತಿರ ಬರುತ್ತವೆ. ಒಂದರ ಒಳಅಂಚು ಇನ್ನೊಂದರ ಒಳಅಂಚನ್ನು ಮುಟ್ಟಿದ ಕ್ಷಣ ನಿಲ್ಲಿಸಬೇಕು. ಮುಟ್ಟಿತೋ, ಇನ್ನೂ ಮುಟ್ಟಬೇಕೋ ಎನ್ನುವುದು ನನ್ನ ಕಣ್ಣಿಗೆ ಬಿಟ್ಟದ್ದು. ಗಾಲಿಯ ಮೇಲಿನ ಅಂಕಿ ನನಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಮಾಮ ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾರೆ. ಮಾಮ ನನಗೇನೂ ಸೋದರಮಾವನಲ್ಲ. ಮೂವತ್ತು ವರ್ಷದಿಂದ ಮಂಗಗಳನ್ನು ನೋಡಿಕೊಳ್ಳುವವರು, ಇಡೀ ಕಟ್ಟಡಕ್ಕೇ ಮಾಮ.

"ಅಳೆಯೋನಿಗೆ ಉತ್ತರ ಗೊತ್ತಿದ್ರೆ ಕೈ ತಾನಾಗೇ ಉತ್ತರದ ಕಡೆ ವಾಲತ್ತಪ್ಪಾ. ಕೈಯವನಿಗೇ ಗೊತ್ತಾಗಲ್ಲ" ಎಂದು ನಮ್ಮ ಪ್ರೊಫೆಸರು ಮೊದಲ ದಿನವೇ ಹೇಳಿದ್ದರು. ನಾನು ಎದೆ ಉಬ್ಬಿಸಿ, "ನನ್ನ ಕಣ್ಣು ಸುಳ್ಳು ಹೇಳಲ್ಲ ಸರ್" ಎಂದಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, "ಬಾಯಿ?" ಎಂದರು.

ಬಾಯಿಯ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ನನ್ನನ್ನು ಎಲ್ಲರೂ ಕರೆಯುವುದು ಗಿಣಿ ಎಂದು. ಕಾಲೇಜಿನಲ್ಲಿ ನಾನು ಪದವಿ ಪಡೆದದ್ದು ಜೀವಶಾಸ್ತ್ರದಲ್ಲಿ, ಪ್ರಸಿದ್ಧಿ ಪಡೆದದ್ದು ಮೇಷ್ಟರುಗಳ ಧ್ವನಿಯಲ್ಲಿ. ಕೆಟ್ಟ ಲಿಫ್ಟಿನ ಬಾಗಿಲು, ಪಂಪು ನೀರೆಳೆಯದೆ ಗೊರಗುಟ್ಟುವುದು, ಭಾವನ ಸೀನು, ಯಾವುದು ಬೇಕು ಹೇಳಿ, ಬಾಯಲ್ಲೇ ತಯಾರು. ಪ್ರೊಫೆಸರ ಧ್ವನಿಯಂತೂ ಹೇಳಿ ಮಾಡಿಸಿದ್ದು. ಶುರುವಾಗದ ಸ್ಕೂಟರಿನಂತೆ ಎರಡು ಸಲ ಗಂಟಲು ಕೆರೆದು, ಮೂರನೆಯದಕ್ಕೆ "ಅಂದ್ರೇ..." ಎಂದು ಹೊರಡುತ್ತಿತ್ತು. ಒಂದು ವರ್ಷದಲ್ಲಿ ಆ ಧ್ವನಿಯಿಂದ ಕಾವಲುಗಾರನನ್ನು ಎದ್ದು ನಿಲ್ಲಿಸಿದ್ದೆ, ಸ್ಟೋರಿನವರಿಂದ ಹನ್ನೊಂದು ಡಬ್ಬಿ ಕೈಗವಸು ತರಿಸಿದ್ದೆ. ಬೀಳದವಳು ಅಕ್ಕ ಒಬ್ಬಳೇ. "ತೊಟ್ಟಿಲಲ್ಲೇ ನೀನು ಯಾವಾಗ ನಿಜವಾಗಿ ಅಳ್ತೀಯ, ಯಾವಾಗ ನಾಟಕ ಅಂತ ನಾನು ಅಮ್ಮನಿಗೆ ಹೇಳ್ತಿದ್ದೆ. ಹೋಗೋ" ಎನ್ನುತ್ತಿದ್ದಳು.

ಈಗ ಕಥೆಯ ಶುಕ್ರವಾರಕ್ಕೆ ಬರೋಣ. ಆರು ಮಂಗಗಳಲ್ಲಿ ಐದರ ಸರದಿ ಮುಗಿದು, ಅಜ್ಜಿಯದು ಕೊನೆಯ ಒಂದು ದಿನ ಮಾತ್ರ ಬಾಕಿಯಿತ್ತು. ಅಜ್ಜಿ ಎಂದರೆ ಇಪ್ಪತ್ತೆರಡು ವರ್ಷದ ಹೆಣ್ಣು ಮಂಗ, ಗಲ್ಲವೆಲ್ಲ ನೆರೆತಿದೆ. ಎಚ್ಚರವಿರುವಾಗಲೇ ಕುರ್ಚಿಯಲ್ಲಿ ಅಲುಗಾಡದೆ ಕೂತು ಕಣ್ಣು ಕೊಡುವವಳು ಅವಳೊಬ್ಬಳೇ. ಪ್ರತಿಫಲ ನಾಲ್ಕು ದ್ರಾಕ್ಷಿ. ಮೂರೇ ಕೊಟ್ಟರೆ ನಾಲ್ಕನೆಯದಕ್ಕೆ ಅಂಗೈ ಚಾಚಿ, ನೀವು ನಾಚಿಕೊಳ್ಳುವವರೆಗೆ ದಿಟ್ಟಿಸುತ್ತಾಳೆ. ಅವಳಿಗೆ ನಿವೃತ್ತಿ ಮಂಜೂರಾಗಿತ್ತು. ಊರ ಹೊರಗೆ ಮರಗಿಡಗಳಿರುವ ದೊಡ್ಡ ಬಯಲು ಆವರಣ, ಅಲ್ಲಿ ಅವಳಂಥವೇ ಏಳೆಂಟು ಮುದಿ ಮಂಗಗಳು. ಸೋಮವಾರ ಬೆಳಿಗ್ಗೆ ವ್ಯಾನು. ಅಳತೆ ಪೂರ್ತಿಯಾಗಿ ಶುಕ್ರವಾರ ಸಂಜೆಯೊಳಗೆ ಪ್ರೊಫೆಸರ ಸಹಿ ಬಿದ್ದರೆ ಅಜ್ಜಿ ಅದರಲ್ಲಿ ಹೋಗುತ್ತಾಳೆ. ಅಳತೆ ಕೆಟ್ಟಿತೋ, ಎರಡು ವಾರ ಬಿಟ್ಟು ಮತ್ತೆ ಚುಚ್ಚಬೇಕು, ಮತ್ತೆ ಅಳೆಯಬೇಕು. ಮುಂದಿನ ವ್ಯಾನಿಗೆ ಮೂರು ತಿಂಗಳು. ಇಪ್ಪತ್ತೆರಡರ ಮಂಗಕ್ಕೆ ಮೂರು ತಿಂಗಳೆಂದರೆ ಎಷ್ಟೆಂದು ಯಾರೂ ಬಾಯಿಬಿಟ್ಟು ಲೆಕ್ಕ ಹಾಕುತ್ತಿರಲಿಲ್ಲ. ಮಾಮ ಅವಳ ಬುಟ್ಟಿಗೆ ಹಳೇ ಟವೆಲು, ಅವಳು ಗಂಟೆಗಟ್ಟಲೆ ನೋಡಿಕೊಳ್ಳುವ ತಗಡಿನ ಕನ್ನಡಿ ಆಗಲೇ ತುಂಬಿಸಿಟ್ಟಿದ್ದರು.

ಅಂದು ತಿಂಡಿಯ ಹೊತ್ತಿಗೆ ಭಾವ ಕೆಣಕಿದ. "ಊರನ್ನೆಲ್ಲ ಏಮಾರಿಸ್ತೀಯ. ನಿಮ್ಮಕ್ಕನ್ನ ಒಂದೇ ಒಂದ್ ಸಲ ಏಮಾರಿಸು, ಒಂದು ವಾರ ನಿನ್ನ ಪಾಲಿನ ಪಾತ್ರೆ ನಾನು ತೊಳೀತೀನಿ."

"ನಿಮ್ಮ ಮಾತು ನೆನಪಿಟ್ಕೊಳಿ ಭಾವ, ಸೋಪು ತಂದಿಟ್ಕೊಂಡಿರಿ" ಎಂದೆ.

ಹತ್ತೂವರೆಗೆ ಅಳತೆಯ ಕೋಣೆಯಲ್ಲಿ ನಾನೊಬ್ಬನೇ. ಎಚ್ಚರದ ಅಳತೆ ಮುಗಿದಿತ್ತು, ಹದಿನೇಳು. ನಾಲ್ಕೂ ದ್ರಾಕ್ಷಿ ಸಂದಾಯವಾಗಿ, ತೂಕ ನೋಡಲು ಮಾಮ ಅಜ್ಜಿಯನ್ನು ಕರೆದೊಯ್ದಿದ್ದರು. ಗೋಡೆಯ ಮೇಲೆ ಇಂಟರ್‌ಕಾಮ್ ಫೋನು. ಅಕ್ಕ ಅವಳ ಕೋಣೆಯಲ್ಲಿ ಮದ್ದು ಎಳೆಯುತ್ತಿರುತ್ತಾಳೆ. ನನ್ನ ತಲೆಯಲ್ಲೊಂದು ಯೋಜನೆ ಮೊಳೆಯಿತು. ಪ್ರೊಫೆಸರ ಧ್ವನಿಯಲ್ಲಿ, ಅವಳು ಸತ್ತರೂ ಉತ್ತರ ಹೇಳದ ಪ್ರಶ್ನೆಯನ್ನೇ ಕೇಳುವುದು. ಅವಳು "ಫೋನಲ್ಲಿ ಹೇಳೋ ಹಾಗಿಲ್ಲ ಸರ್" ಎನ್ನುತ್ತಾಳೆ. ನನಗೆ ಬೇಕಾದದ್ದು ಉತ್ತರವಲ್ಲ, ಆ "ಸರ್". ನನ್ನನ್ನು ಸರ್ ಎಂದಳೋ, ಗೆದ್ದೆ. ಗಂಟಲು ಹದಮಾಡಿಕೊಂಡು ಗುಂಡಿ ಒತ್ತಿದೆ.

"ಹ್ಹೆಂ... ಹ್ಹೆಂ... ಅಂದ್ರೇ... ಡಾಕ್ಟರಮ್ಮಾ, ನಮ್ಮ ಅಜ್ಜಿಗೆ ಇವತ್ತು ಯಾವುದಮ್ಮಾ? ಒಂಟೀನೋ, ಜೋಡೀನೋ?"

ಆ ಕಡೆ ಯಾರೋ ಲೋಟ ಕೆಳಗಿಟ್ಟ ಸದ್ದು. ಕಾಗದದ ಸರಸರ.

"ಜೋಡಿ, ಸರ್" ಎಂದಳು ಅಕ್ಕ. "ಬೇರೇನಾದ್ರೂ ಬೇಕಿತ್ತಾ ಸರ್?"

ನಾನು ಫೋನು ಇಟ್ಟುಬಿಟ್ಟೆ. ಎರಡು ಸಲ ಸರ್ ಎಂದಿದ್ದಳು, ಗೆದ್ದಿದ್ದೆ. ಆದರೆ ಅವಳು ಹೇಳಿಬಿಟ್ಟಿದ್ದಳಲ್ಲ! ಮೂರು ತಿಂಗಳು ಊಟದ ಮೇಜಿನಲ್ಲೂ ಕಾಪಾಡಿಕೊಂಡು ಬಂದ ಪರದೆಯನ್ನು ನಾನು ಬಾಯಿಂದಲೇ ಹರಿದಿದ್ದೆ. ಅದೂ ಕೊನೆಯ ದಿನ, ಅಜ್ಜಿಯ ದಿನ.

ಹೇಳಿದರೆ ಇವತ್ತಿನದು ರದ್ದು, ಅಜ್ಜಿಗೆ ಮತ್ತೆ ಸೂಜಿ, ಮೂರು ತಿಂಗಳು ಮತ್ತೆ ಪಂಜರ. ಹೇಳದಿದ್ದರೆ ಅಜ್ಜಿ ಸೋಮವಾರ ಮರದ ಮೇಲೆ. ಆದರೆ ಆ ಸಾಲಿನ ಅಂಕಿಗಳು ಅಜ್ಜಿಯ ಕಣ್ಣಿನವೋ ನನ್ನ ಕಿವಿಯವೋ ಎಂದು ಯಾರೂ ಹೇಳಲಾರರು. ನಾಳೆ ಯಾವನೋ ಡಾಕ್ಟರು ಆ ಅಂಕಿ ನಂಬಿ ಯಾವುದೋ ಮಗುವಿನ ಕಣ್ಣು ನೋಡುತ್ತಾನೆ. ಅಷ್ಟರಲ್ಲಿ ಬಾಗಿಲು ತೆರೆದು ಮಾಮ ಬಂದರು, ತೋಳಿನಲ್ಲಿ ಅಜ್ಜಿ.

"ಸೋಮವಾರ ಮಳೆ ಇಲ್ವಂತೆ" ಎಂದರು ಮಾಮ. "ವ್ಯಾನಿಗೆ ಒಳ್ಳೇದಾಯ್ತು."

ಬಾಯಿ ತೆರೆದೆ. ಯಾವ ಧ್ವನಿಯೂ ಬರಲಿಲ್ಲ, ನನ್ನದೂ ಸೇರಿ.

ಅಕ್ಕ ಬಂದಳು. ನನ್ನ ಕಡೆ ನೋಡಲಿಲ್ಲ, ಎಂದೂ ನೋಡುವುದಿಲ್ಲ. ಪರದೆಯ ಹಿಂದೆ ಅಜ್ಜಿಯೊಂದಿಗೆ ಏನೋ ಮೆಲ್ಲಗೆ ಮಾತಾಡಿದಳು, ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಮುಖ ಕಿಂಡಿಯಲ್ಲಿ ಬಂತು, ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಎಲ್ಲೋ ದೂರ. ನಾನು ಮನಸ್ಸಿನಲ್ಲೇ ಒಂದು ಒಪ್ಪಂದಕ್ಕೆ ಬಂದೆ: ಗೊತ್ತಿದ್ದರೇನಂತೆ? ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಬಳೆ ಮುಟ್ಟಿದಾಗ ನಿಲ್ಲಿಸುತ್ತೇನೆ, ಅಷ್ಟೇ. ಜೋಡಿ ಎಂದಮೇಲೆ ಹಳೆಯ ವರದಿಗಳ ಪ್ರಕಾರ ಹೇಗೂ ಹನ್ನೆರಡೋ ಹದಿಮೂರೋ ಬರುತ್ತದೆ. ಬಂದದ್ದು ನಿಜವೇ ಆಗಿರುತ್ತದೆ.

ಐದನೇ ನಿಮಿಷ. ತುದಿ ತಾಕಿಸಿದೆ. ಹಸಿರು ಅರೆಬಳೆಗಳು ತೇಲಿದವು. ಗಾಲಿ ತಿರುಗಿಸಿದೆ. ಕೈಗೆ ಹನ್ನೆರಡರ ಅಂದಾಜು ಚೆನ್ನಾಗಿ ಗೊತ್ತಿದೆ, ಅಲ್ಲಿಗೆ ಬಂದೆ ಎನಿಸಿತು. ಬಳೆಗಳ ನಡುವೆ ಇನ್ನೂ ದಾರಿಯಿತ್ತು. ಇನ್ನಷ್ಟು ತಿರುಗಿಸಿದೆ. ಇನ್ನೂ ಇತ್ತು. ಎರಡೂ ಮೂತಿ ತಿರುವಿಕೊಂಡ ನಾದಿನಿ-ಅತ್ತಿಗೆಯರ ಹಾಗೆ ದೂರ ದೂರವೇ. ಕೊನೆಗೆ ಅಂಚು ಅಂಚಿಗೆ ತಾಕಿತು.

"ಹಾಂ" ಎಂದೆ.

"ಹದಿನೆಂಟು" ಎಂದರು ಮಾಮ.

ಗಾಲಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. "ಹಾಂ." "ಹದಿನೆಂಟು." ಮೂರನೆಯದೂ ಹದಿನೆಂಟು.

"ಮಾಮ, ಒಂದ್ನಿಮಿಷ" ಎಂದು ಉಪಕರಣವನ್ನು ಅದರ ಪೆಟ್ಟಿಗೆಯ ತೂಕದ ಕಡ್ಡಿಯಿಟ್ಟು ಪರೀಕ್ಷಿಸಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪರದೆಯ ಹಿಂದೆ ಅಕ್ಕ ಕೆಮ್ಮಿದಳು.

ಹತ್ತನೇ ನಿಮಿಷ, ಹದಿನೆಂಟು. ಹದಿನೈದನೇ ನಿಮಿಷ, ಹತ್ತೊಂಬತ್ತು. ಆಗ ಹೊಳೆಯಿತು ನೋಡಿ. ಪ್ರೊಫೆಸರು ಹೇಳಿದ್ದ ಕಾಯಿಲೆ ನನಗೆ ಉಲ್ಟಾ ಬಡಿದಿದೆ! ಹನ್ನೆರಡು ಬರುತ್ತದೆಂದು ಗೊತ್ತಿರುವ ಕಳ್ಳ, ಹನ್ನೆರಡು ಬರೆಯಲು ಹೆದರಿ, ಬಳೆ ಮುಟ್ಟಿದ್ದರೂ ಮುಟ್ಟಿಲ್ಲ ಮುಟ್ಟಿಲ್ಲ ಎಂದು ಗಾಲಿ ತಿರುಗಿಸುತ್ತಲೇ ಇದ್ದಾನೆ. ಪ್ರಾಮಾಣಿಕನಾಗುವ ಆತುರದಲ್ಲಿ ಆರು ಅಂಕಿ ಸುಳ್ಳು ಹೇಳಿದ್ದೇನೆ. ಇಷ್ಟು ದಿನ ನನ್ನ ಕಣ್ಣನ್ನಾದರೂ ನಂಬುತ್ತಿದ್ದೆ, ಈಗ ಅದೂ ಮಿಮಿಕ್ರಿ ಕಲಿತಿದೆ.

ಇಪ್ಪತ್ತನೇ ನಿಮಿಷಕ್ಕೂ ಹದಿನೆಂಟು. ಮಾಮ ಹಾಳೆಯ ಕೆಳಗೆ ಗೆರೆ ಎಳೆದು, ಪೆನ್ನು ಕಿವಿಗೆ ಸಿಕ್ಕಿಸಿ, "ಮುಗೀತು. ಇನ್ನು ನಿನ್ನ ಕಣ್ಣಿನ ತಂಟೆಗೆ ಯಾರೂ ಬರಲ್ಲಮ್ಮ" ಎಂದು ಅಜ್ಜಿಗೆ ಹೇಳಿದರು. ಅವಳನ್ನು ಪರದೆಯ ಈಚೆಗೆ ತಂದು ಮಲಗಿಸಿ, ಮೇಲೆ ಟವೆಲು ಹೊದಿಸಿ, ತಲೆಯ ಕೆಳಗೆ ಕೈಯಿಟ್ಟು, ಏಳುವವರೆಗೆ ಹಾಗೇ ಕೂತರು.

ಬಾಗಿಲು ತಟ್ಟಿ ಪ್ರೊಫೆಸರು ಬಂದರು. ಕೈಯಲ್ಲಿ ಅಜ್ಜಿಯ ಬಿಡುಗಡೆ ಪತ್ರ. ಹಾಳೆಯ ಅಂಕಿಗಳ ಮೇಲೆ ಕಣ್ಣಾಡಿಸಿದರು, ಮುಖದಲ್ಲಿ ಏನೂ ಕಾಣಲಿಲ್ಲ. ಮೇಜಿನ ಮೇಲೆ ಪತ್ರ ಹರಡಿ ಪೆನ್ನಿನ ಮುಚ್ಚಳ ತೆಗೆದರು.

"ಸರ್, ಸಹಿ ಹಾಕಬೇಡಿ" ಎಂದೆ.

ಮಾಮ ತಲೆಯೆತ್ತಿದರು.

"ಯಾಕಪ್ಪಾ?"

"ಇವತ್ತಿನ ಅಳತೆ ಸರಿಯಿಲ್ಲ ಸರ್. ಯಾವ ಮದ್ದು ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆ ಅಕ್ಕಂಗೆ ಫೋನ್ ಮಾಡಿ ಕೇಳಿದೆ."

"ಅವರು ಹೇಳಿಬಿಟ್ರಾ?"

"ಅವಳ ತಪ್ಪಿಲ್ಲ ಸರ್! ಅವಳು ನೀವು ಅಂದ್ಕೊಂಡು..."

"ನಾನು ಅಂದ್ಕೊಂಡು? ಅದ್ಹೇಗೆ?"

ನೆಲ ನೋಡಿದೆ. ನೆಲ ನನಗೇನೂ ಸಹಾಯ ಮಾಡಲಿಲ್ಲ. "ನಿಮ್ಮ ಧ್ವನೀಲಿ ಮಾತಾಡಿದೆ ಸರ್. ತಮಾಷೆಗೆ. ಅವಳು ಹೇಳಲ್ಲ ಅಂತಾಳೆ ಅಂದ್ಕೊಂಡಿದ್ದೆ. ಜೋಡಿ ಅಂದುಬಿಟ್ಲು. ಆಮೇಲೆ ಹನ್ನೆರಡು ಬರಬೇಕಾದ ಕಡೆ ಹದಿನೆಂಟು ಬರ್ತಾ ಇದೆ. ನನ್ನ ಕೈ ನೆಟ್ಟಗಿಲ್ಲ ಸರ್. ಇದನ್ನ ಲೆಕ್ಕಕ್ಕೆ ಹಿಡೀಬೇಡಿ."

ಹೇಳಿ ಮುಗಿಸಿ ಮಾಮನ ಕಡೆ ನೋಡಿದೆ, ನೋಡಬಾರದಿತ್ತು. ಅವರು ಬೈಯಲಿಲ್ಲ. ಅಜ್ಜಿಯ ಟವೆಲಿನ ಅಂಚನ್ನು ಸರಿಮಾಡಿದರು, ಸರಿಯಾಗಿಯೇ ಇದ್ದ ಅಂಚನ್ನು. "ಬುಟ್ಟಿ ಬಿಚ್ಚಿಡ್ತೀನಿ ಹಾಗಾದ್ರೆ" ಎಂದರು.

"ತಡೀರಿ ಮಾಮ" ಎಂದರು ಪ್ರೊಫೆಸರು. ನನ್ನ ಕಡೆ ತಿರುಗಿದರು. "ಎಲ್ಲಿ, ಏನಂತ ಫೋನ್ ಮಾಡಿದೆ? ಹಾಗೇ ಹೇಳು. ಅದೇ ಧ್ವನೀಲಿ."

"ಸರ್, ಬೇಡ ಸರ್..."

"ದಾಖಲೆಗೆ ಬೇಕಪ್ಪಾ."

ಜೀವಮಾನದಲ್ಲೇ ಅಷ್ಟು ಕೆಟ್ಟದಾಗಿ ಮಿಮಿಕ್ರಿ ಮಾಡಿಲ್ಲ. "ಹ್ಹೆಂ... ಅಂದ್ರೇ..." ಎನ್ನುವಷ್ಟರಲ್ಲಿ ಗಂಟಲು ಒಣಗಿ ನೀರಿಲ್ಲದ ಪಂಪಿನಂತಾಯಿತು.

"ಬೆಳಿಗ್ಗೆ ಇನ್ನೂ ಚೆನ್ನಾಗಿತ್ತು" ಎಂದರು ಪ್ರೊಫೆಸರು.

"ಹೂಂ ಸರ್... ಏನಂದ್ರಿ ಸರ್?"

ಪರದೆ ಅಲುಗಿತು. ಅಕ್ಕ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಬಾಯಿಗೆ ಅಡ್ಡಲಾಗಿ ಹಿಡಿದಿದ್ದ ಕೈ ತೆಗೆದಮೇಲೆ ಗೊತ್ತಾಯಿತು, ಇಪ್ಪತ್ತು ನಿಮಿಷದಿಂದ ನಗು ತಡೆದು ತಡೆದು ಬಂದ ನೀರದು.

"ಕತ್ತೆ, ನಾನು ಸಿರಿಂಜ್ ತುಂಬ್ತಿರುವಾಗ ಕೈಯಲ್ಲಿ ಗವಸು ಇರುತ್ತೆ ತಾನೇ? ಫೋನ್ ಯಾವತ್ತಾದ್ರೂ ಕೈಯಲ್ಲಿ ಹಿಡಿದಿದ್ದು ನೋಡಿದ್ದೀಯಾ? ಮೊಣಕೈಯಲ್ಲಿ ಸ್ಪೀಕರ್ ಒತ್ತಿದೆ. ಸರ್ ನನ್ನೆದುರಿಗೇ ಕೂತು ಚಹಾ ಕುಡೀತಿದ್ರು!"

ಬಿಡುಗಡೆ ಪತ್ರಕ್ಕೆ ಅವಳ ಸಹಿಯೂ ಬೇಕಿತ್ತಂತೆ, ಅದಕ್ಕಾಗಿ ಪ್ರೊಫೆಸರು ಅವಳ ಕೋಣೆಗೆ ಹೋಗಿದ್ದರು. ಲೋಟ ತುಟಿಗೆ ತಾಕಿಸುವ ಹೊತ್ತಿಗೆ ಸರಿಯಾಗಿ ತಮ್ಮದೇ ಧ್ವನಿ ಮೇಜಿನ ಮೇಲಿಂದ ತಮ್ಮನ್ನು ಬಿಟ್ಟು ಮಾತಾಡತೊಡಗಿತ್ತು.

"ಬಾಯಿ ತುಂಬ ಚಹಾ, ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ" ಎಂದರು ಪ್ರೊಫೆಸರು. "ನಿಮ್ಮಕ್ಕ ಬಾಯಿಬಿಟ್ಟು ನಿನ್ನ ಜನ್ಮ ಜಾಲಾಡೋಕ್ಕೆ ಹೊರಟಿದ್ರು. ಒಡೆದ ಲಕೋಟೆ ಎದುರಿಗೇ ಇತ್ತು, ನಾನೇ ಅದರ ಮೇಲೆ ಗೀಚಿ ತೋರಿಸ್ದೆ, ಜೋಡಿ ಅನ್ನಿ ಅಂತ."

"ಅಂದ್ರೆ..."

"ಅಂದ್ರೆ ಒಂಟಿ ಕಣೋ! ನಾನು ಚುಚ್ಚಿದ್ದು ಒಂಟಿ!" ಅಕ್ಕ ನನ್ನ ಕಿವಿ ಹಿಡಿದಳು. "ಹದಿನೆಂಟು ಬರಬೇಕಾದ ಕಡೆ ಹದಿನೆಂಟೇ ಬಂದಿದೆ. ಮೊದಲನೇ ಹದಿನೆಂಟು ಕೇಳೋವರೆಗೂ ನಾನು ಉಸಿರು ಬಿಟ್ಟಿಲ್ಲ ಗೊತ್ತಾ? ನೀನೇನಾದ್ರೂ ಹನ್ನೆರಡು ಅಂತ ನಿಲ್ಸಿದ್ರೆ..."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. "ಹನ್ನೆರಡಕ್ಕೆ ನಿಲ್ಲಿಸಿದ್ರೆ ಇವತ್ತಿನದಷ್ಟೇ ಅಲ್ಲಪ್ಪಾ, ಮೂರು ತಿಂಗಳಿನ ನಿನ್ನ ಒಂದೊಂದು ಅಂಕೀನೂ ಕಸದ ಬುಟ್ಟಿಗೆ ಹಾಕ್ತಿದ್ದೆ. ಆರೂ ಮಂಗಗಳಿಗೆ ಮೊದಲಿಂದ. ಕಿವಿಯಲ್ಲಿ ಸುಳ್ಳು ಉತ್ತರ ಇಟ್ಕೊಂಡೂ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದೀಯ. ಇವತ್ತಿನ ಸಾಲು ನಿಲ್ಲತ್ತೆ. ಆದ್ರೆ ಪಕ್ಕದಲ್ಲಿ ನಡೆದದ್ದೆಲ್ಲ ಬರೆದೇ ನಿಲ್ಲತ್ತೆ." ಎಂದವರೇ ಬಿಡುಗಡೆ ಪತ್ರವನ್ನು ಎಳೆದುಕೊಂಡು ಪರ್ರನೆ ಸಹಿ ಹಾಕಿ ಮಾಮನ ಕೈಗಿತ್ತರು.

ಮಾಮ ಅದನ್ನು ನಾಲ್ಕಾಗಿ ಮಡಚಿ ಎದೆಯ ಜೇಬಿಗಿಟ್ಟುಕೊಂಡರು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಪ್ರೀತಿಯದೋ ಕೋಪದ್ದೋ ಈಗಲೂ ತೀರ್ಮಾನವಾಗಿಲ್ಲ, ಎರಡು ದಿನ ನೋವಂತೂ ಇತ್ತು.

ನಿಯಮ ತಪ್ಪಿದಾಗ ತುಂಬುವ ಒಂದು ಫಾರಂ ನಮ್ಮಲ್ಲಿದೆ. ಕರೆಂಟು ಹೋಯಿತು, ಮಂಗ ಸೀನಿತು, ಇಂಥವು ಬರೆಯುವುದು. ಪ್ರೊಫೆಸರು ಕುರ್ಚಿ ಎಳೆದು ಕೂತು, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದರು.

"ಬೆಳಿಗ್ಗೆ ಹತ್ತು ಮೂವತ್ತಕ್ಕೆ ಅಳತೆಗಾರನು ಪ್ರಧಾನ ಸಂಶೋಧಕರ ಕಂಠವನ್ನು ಪೂರ್ವಾನುಮತಿಯಿಲ್ಲದೆ ಬಳಸಿ, ಗೌಪ್ಯ ಮಾಹಿತಿಯನ್ನು ಕೋರಿರುತ್ತಾನೆ. ಸದರಿ ಸಮಯದಲ್ಲಿ ಸದರಿ ಕಂಠದ ಮೂಲ ವಾರಸುದಾರರು ಸ್ಥಳದಲ್ಲೇ ಹಾಜರಿದ್ದು ಚಹಾ ಸೇವಿಸುತ್ತಿದ್ದರು."

"ಪರಿಹಾರ ಕ್ರಮ ಅಂತ ಒಂದು ಕಾಲಂ ಇದೆ ಸರ್" ಎಂದಳು ಅಕ್ಕ. "ಅಲ್ಲಿ ನಾಲಿಗೆ ಕತ್ತರಿಸುವುದು ಅಂತ ಬರೀರಿ."

"ಛೆ ಛೆ. ಅರಿವಳಿಕೆ ಕೊಟ್ಟು" ಎಂದರು ಪ್ರೊಫೆಸರು. ಮಾಮ ಖೊಕ್ಕನೆ ನಕ್ಕರು, ಮೂವತ್ತು ವರ್ಷದಲ್ಲಿ ಎಷ್ಟನೇ ಸಲವೋ. ನಾನು ಇನ್ನೂ ನಗುವ ಸ್ಥಿತಿಗೆ ಬಂದಿರಲಿಲ್ಲ.

ಪ್ರೊಫೆಸರು ಫಾರಂ ಬದಿಗಿಟ್ಟು ಎದ್ದರು. "ಅಲ್ಲಪ್ಪಾ ಗಿಣಿ, ಲೋಕದಲ್ಲಿ ಈ ವಿದ್ಯೆ ನಿನಗೊಬ್ಬನಿಗೇ ಬರತ್ತೆ ಅಂದ್ಕೊಂಡಿದ್ದೀಯಲ್ಲ. ನಾನೂ ಕಾಲೇಜಿನಲ್ಲಿ ಸ್ವಲ್ಪ ಮಾಡ್ತಿದ್ದೆ. ಇಲ್ಲಿ ನೋಡು, ಇದು ಯಾರು ಹೇಳು."

ಅಂಗಿಯ ತೋಳನ್ನು ಎರಡು ಸಲ ಮೇಲಕ್ಕೆಳೆದುಕೊಂಡರು. ಮೂಗನ್ನು ಸರಕ್ಕನೆ ಒಮ್ಮೆ ಸೇದಿದರು. ಮೇಜಿನ ಸುತ್ತ ಹಿಮ್ಮಡಿ ಊರದೆ ಕುಪ್ಪಳಿಸಿಕೊಂಡು ಬಂದು, ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂಗಿನಲ್ಲೇ ಅರ್ಧ ನುಂಗಿದ ಒಂದು ಧ್ವನಿಯಲ್ಲಿ, ತಾವು ಹೇಳಬೇಕಾದದ್ದಕ್ಕೆ ತಾವೇ ಮ್ಹಿ ಮ್ಹಿ ಮ್ಹಿ ಎಂದು ಮೊದಲು ನಕ್ಕು, "ಮಾಮಾ, ಒಂದು ಮಾತು ಹೇಳ್ಲಾ? ನಗಬಾರ್ದು ಮತ್ತೆ!" ಎಂದರು.

ಅಕ್ಕ ಗೋಡೆ ಹಿಡಿದುಕೊಂಡಳು. ಮಾಮ ಕೆಳಗೆ ಕೂತೇಬಿಟ್ಟರು. ನಾನು ವೃತ್ತಿಪರ ಗಂಭೀರತೆಯಿಂದ ಪರಿಶೀಲಿಸಿದೆ. ನಡಿಗೆ ಗುರುತು ಸಿಗಲಿಲ್ಲ. ಮೂಗು ಸೇದುವುದು ಎಲ್ಲೋ ಕೇಳಿದ ಹಾಗಿತ್ತು. ಆ ದರಿದ್ರ ನಗುವಂತೂ ಯಾವ ಮನುಷ್ಯನದೂ ಇರಲಾರದು ಎನಿಸಿತು.

"ತುಂಬಾ ಚೆನ್ನಾಗಿದೆ ಸರ್" ಎಂದೆ. "ಆದ್ರೆ ಯಾರು ಅಂತ ಗೊತ್ತಾಗ್ತಿಲ್ಲ. ಸ್ಟೋರಿನವರಾ?"

ಕೇಳುವಾಗ ನಾನು ಅಂಗಿಯ ತೋಳನ್ನು ಮೇಲಕ್ಕೆಳೆದುಕೊಂಡಿದ್ದೆ. ಒಮ್ಮೆ ಎಳೆದುಕೊಂಡು, ಎರಡನೇ ಸಲಕ್ಕೆ ಕೈ ಅರ್ಧಕ್ಕೇ ನಿಂತಿತು.

ಅಕ್ಕನಿಗೆ ಬಿಕ್ಕಳಿಕೆ ಹತ್ತಿತು. ಪ್ರೊಫೆಸರು ಕೆಮ್ಮುತ್ತ ಮೇಜಿಗೆ ಬಡಿದರು. ಮಾಮ "ಮೆಲ್ಲಗೆ ನಗ್ರೋ, ಅಜ್ಜಿ ಏಳ್ತಿದ್ದಾಳೆ" ಎನ್ನುತ್ತಿದ್ದರು. ಆದರೆ ಕಾರಿಡಾರಿನ ಕೊನೆಯ ಕೋಣೆಯವರು ಬಾಗಿಲು ತೆರೆದು ಇಣುಕಿದ್ದು ಅವರ ಯಾರ ಸದ್ದಿಗೂ ಅಲ್ಲ. ಪರದೆಯ ಕಂಬ ತಬ್ಬಿಕೊಂಡು, ಉಸಿರಿಗೆ ತಡಕಾಡುತ್ತ, ಮ್ಹಿ ಮ್ಹಿ ಮ್ಹಿ ಎಂದು ಕಟ್ಟಡ ಅದುರುವಂತೆ ನಗುತ್ತಿದ್ದವನು ನಾನು.